ಇಲಿಗೂ ಹಲ್ಲಿದೆ

ಮೊನ್ನೆ ಬಿಳಿಚೋಡಿನ ಹತ್ತಿರದ ಹೊಲವೊಂದರಲ್ಲಿ ಮೆಕ್ಕೆಜೋಳದ ತೆನೆ ರಾಶಿ ಸರಿಸುತ್ತಿದ್ದಾಗ, ಅಡಿಯಲ್ಲೊಂದು ಮಣ್ಣುಮುಕ್ಕ ಹಾವು ಇಲಿಯನ್ನು ಸುತ್ತಿಕೊಂಡು ಬಿದ್ದಿತ್ತು. ಕೆಲಸ ನಿಂತಿತು. "ಮೂಳೆ ಮುರೀತೈತೆ ನೋಡ್ರಿ" ಎಂದರು ಒಬ್ಬರು. "ಏ ಇಲ್ಲಪ್ಪ, ಉಸಿರು ಕಟ್ಟಿಸ್ತೈತೆ" ಎಂದರು ಇನ್ನೊಬ್ಬರು.

ಪುಸ್ತಕಗಳೂ ಬಹುಕಾಲ ಈ ಎರಡನೆಯವರ ಪಕ್ಷವೇ. ಆದರೆ 2015ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಬೋವಾ ಹಾವಿನ ಹಿಡಿತದಲ್ಲಿದ್ದ ಇಲಿಗಳ ರಕ್ತದೊತ್ತಡವನ್ನೇ ಅಳೆದು ನೋಡಿದರು. ಸುತ್ತು ಬಿಗಿದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಓಟ ನಿಲ್ಲುತ್ತದೆ, ಹೃದಯದ ಲಯ ತಪ್ಪುತ್ತದೆ. ಉಸಿರಿನ ಮಾತು ಆಮೇಲಿನದು. ಅದಕ್ಕೂ ಮೊದಲಿನ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಹಿಡಿಸಿತು: ಹಿಡಿದ ಪ್ರಾಣಿಯ ಎದೆಬಡಿತ ಬೋವಾದ ಮೈಗೆ ತಿಳಿಯುತ್ತದಂತೆ. ಬಡಿತ ನಿಂತಿತೋ, ಹಿಡಿತ ಸಡಿಲ. ಸತ್ತದ್ದನ್ನು ಹಿಸುಕುತ್ತ ಕೂರುವಷ್ಟು ಪುರುಸೊತ್ತು, ಕಸುವು ಎರಡೂ ಅದಕ್ಕಿಲ್ಲ.

ನಮ್ಮ ಮಣ್ಣುಮುಕ್ಕವೂ ಬೋವಾಗಳ ನಂಟೇ. ಬಾಲ ಮೊಂಡಾಗಿದೆ ಎಂಬ ಒಂದೇ ತಪ್ಪಿಗೆ ಅದನ್ನು 'ಎರಡು ತಲೆ ಹಾವು' ಮಾಡಿ, ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂದು ಕದ್ದು ಮಾರುವವರಿದ್ದಾರೆ. ಐಶ್ವರ್ಯ ಬಂದದ್ದು ಮಾರಿದವರಿಗೆ ಮಾತ್ರ, ಅದೂ ಪೊಲೀಸರು ಬರುವ ತನಕ.

ಇನ್ನು ಕೊಳಕುಮಂಡಲ. ಅದು ಇಲಿಯನ್ನು ಕಚ್ಚುತ್ತದೆ, ಕಚ್ಚಿದ್ದೇ ಬಿಟ್ಟುಬಿಡುತ್ತದೆ. ಇಲಿ ಓಡುತ್ತದೆ, ಹಾವು ಬೆನ್ನಟ್ಟುವುದಿಲ್ಲ. ವಿಷ ತನ್ನ ಕೆಲಸ ಮಾಡಲಿ ಎಂದು ತಡೆದು, ಆಮೇಲೆ ನಾಲಿಗೆ ಚಾಚಿ ಚಾಚಿ ವಾಸನೆ ಹಿಡಿದು ಹೋಗಿ, ಸತ್ತು ಬಿದ್ದಲ್ಲೇ ನುಂಗುತ್ತದೆ. ಬಾಯಿಗೆ ಬಂದದ್ದನ್ನು ಬಿಡುವುದೇಕೆ? ಇಲಿಗೂ ಹಲ್ಲಿದೆ. ಮೂಲೆಗೆ ಸಿಕ್ಕ ಇಲಿ ಹಾವಿನ ಮುಖ ಕಚ್ಚಿ ಗಾಯ ಮಾಡಬಲ್ಲದು. ಬೋವಾ ಅಷ್ಟು ಬಿಗಿಯಾಗಿ ಅಪ್ಪಿಕೊಳ್ಳುವುದರ ಹಿಂದೆಯೂ ಇದೇ ಅಂಜಿಕೆ ಇದ್ದೀತು. ಅಲುಗಾಡಲು ಬಿಟ್ಟರಲ್ಲವೇ ಕಚ್ಚುವುದು! ನಾಗರಹಾವಿನದು ಸ್ವಲ್ಪ ಬೇರೆ: ಎಷ್ಟೋ ಸಲ ಕಚ್ಚಿ ಹಿಡಿದೇ ಇರುತ್ತದೆ. ಅದರ ವಿಷ ನರಗಳಿಗೆ ಬಡಿದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ಉಸಿರು ಕಟ್ಟಿಸ್ತೈತೆ ಎಂದವರ ಮಾತು ಇಲ್ಲಿಗಾದರೆ ಸರಿಯೇ.

ಆ ವಿಷ ಇಲಿಗೆಂದು ಇರುವುದು, ನಮಗಲ್ಲ. ಆದರೂ ಕತ್ತಲಲ್ಲಿ ನೀರು ಕಟ್ಟಲು ಹೋದವರ ಕಾಲಿಗೆ ಅದು ಸಿಗುತ್ತದೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ವರದಿಯಾಗಬೇಕಾದರೆ ಮೊದಲು ಆಸ್ಪತ್ರೆಗೆ ಹೋಗಬೇಕಲ್ಲ!

ಉಳಿದದ್ದು ಕೇರೆ ಹಾವು. ಅದಕ್ಕೆ ನಮ್ಮನ್ನು ಕೊಲ್ಲುವ ವಿಷವಿಲ್ಲ, ಮಣ್ಣುಮುಕ್ಕದಂತೆ ಸುತ್ತಿ ಹಿಸುಕುವ ಪಟ್ಟೂ ಬಾರದು. ಇಲಿಯನ್ನು ಮೈಯಿಂದ ನೆಲಕ್ಕೋ ಬಿಲದ ಗೋಡೆಗೋ ಒತ್ತಿ ಹಿಡಿದು, ಒಮ್ಮೊಮ್ಮೆ ಜೀವ ಇರುವಾಗಲೇ ನುಂಗಿಬಿಡುತ್ತದೆ. ಇಲಿಯ ಹಲ್ಲಿಗೆ ಅದು ಹೇಗೆ ಅಂಜುವುದಿಲ್ಲವೋ! ಇಷ್ಟಾಗಿ, ಕಣದಲ್ಲಿ ನಾಗರವೆಂದು ತಿಳಿದು ನಾವು ಹೊಡೆಯುವುದು ಬಹಳ ಸಲ ಇದನ್ನೇ.