ಜಾನ್ ಸೈನಿ: ಮುಷ್ಕರಕ್ಕಿಂತ ಮಾತುಕತೆ ನಂಬಿದ ಮುಂದಾಳು

ಗಣಿ ಕಾರ್ಮಿಕರ ಮುಂದಾಳು ಎಂದರೆ ಮಾತೆತ್ತಿದರೆ ಮುಷ್ಕರ ಎನ್ನುವವನು ಎಂದುಕೊಳ್ಳುತ್ತೇವೆ. ಜಾನ್ ಸೈನಿ ಹಾಗಿರಲಿಲ್ಲ.

1831ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು. ಜಮೀನಿನಿಂದ ಒಕ್ಕಲೆಬ್ಬಿಸಿದಾಗ ಮನೆಯವರು ಇಂಗ್ಲೆಂಡಿನ ವಿಗನ್ ಸೇರಿದರು. ಹುಡುಗ ಶಾಲೆಯ ಬದಲು ಹತ್ತಿ ಗಿರಣಿಗೆ ಹೋದ. ಬೆಳೆದ ಮೇಲೆ ಇಟ್ಟಿಗೆ ಕೆಲಸ. ಹೆಂಡತಿ ತೀರಿಕೊಂಡ ಮೇಲೆ, 1863ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಸೇಂಟ್ ಕ್ಲೇರ್‌ಗೆ ಬಂದು ಗಣಿಗಿಳಿದರು. 1868ರಲ್ಲಿ ಅಲ್ಲಿ ಕಟ್ಟಿದ ಸಂಘ ಗಾಯಾಳುಗಳಿಗೂ ವಿಧವೆಯರಿಗೂ ನೆರವಾಗುತ್ತಿತ್ತು.

ಗಣಿ ಸುರಕ್ಷತೆಗೆ ಅವರು ದುಡಿದದ್ದರ ಫಲವಾಗಿ 1869ರಲ್ಲಿ ಕಾನೂನೊಂದು ಬಂತು. ಆದರೆ ಅದು ಸೇಂಟ್ ಕ್ಲೇರ್ ಇರುವ ಸ್ಕೂಲ್‌ಕಿಲ್ ಕೌಂಟಿಗೆ ಮಾತ್ರ! ಅದೇ ವರ್ಷ ಸೆಪ್ಟೆಂಬರ್ 6ರಂದು ಪಕ್ಕದ ಲುಜರ್ನ್ ಕೌಂಟಿಯ ಆವೊಂಡೇಲ್ ಗಣಿಗೆ ಬೆಂಕಿ ಬಿತ್ತು. ಗಣಿಗಿದ್ದದ್ದು ಒಂದೇ ಬಾವಿ, ಒಳಹೋಗಲೂ ಹೊರಬರಲೂ ಅದೇ. ಅದರ ನೆತ್ತಿಯ ಮೇಲೆಯೇ ಕಲ್ಲಿದ್ದಲು ಒಡೆಯುವ ಮರದ ಕಟ್ಟಡ. ಅದು ಹೊತ್ತಿ ಉರಿದಾಗ ಕೆಳಗಿದ್ದವರಿಗೆ ದಾರಿಯೂ ಇಲ್ಲ, ಗಾಳಿಯೂ ಇಲ್ಲ. ರಕ್ಷಿಸಲು ಇಳಿದ ಇಬ್ಬರೂ ಸೇರಿ 110 ಮಂದಿ ಸತ್ತರು. ಸೈನಿ ಅಲ್ಲಿಗೆ ಹೋಗಿ ಸಂಘಟಿತರಾಗಿ ಎಂದರು. ಸಾವಿರಾರು ಮಂದಿ ಸಂಘ ಸೇರಿದರು. ಮರುವರ್ಷ ಎರಡನೇ ದಾರಿಯನ್ನು ಕಡ್ಡಾಯ ಮಾಡಿದ ಕಾನೂನು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಗಣಿಗಳಿಗೆಲ್ಲ ಬಂತು.

1870ರಲ್ಲೇ ಮಾಲೀಕರೊಡನೆ ಲಿಖಿತ ಒಪ್ಪಂದವಾಯಿತು. ಕಲ್ಲಿದ್ದಲ ದರ ಏರಿದರೆ ಕೂಲಿ ಏರುವುದು, ಇಳಿದರೆ ಇಳಿಯುವುದು. ಎದುರಿಗೆ ಕೂತು ಮಾತಾಡಿದ್ದೇ ದೊಡ್ಡ ಗೆಲುವು, ನಿಜ. ಆದರೆ ಬಡವನ ಅನ್ನವನ್ನು ಮಾರುಕಟ್ಟೆಯ ಬಾಲಕ್ಕೆ ಕಟ್ಟಿದ್ದು ನನಗೆ ಈಗಲೂ ಒಪ್ಪಿಗೆಯಾಗದ ಮಾತು. ರೀಡಿಂಗ್ ರೈಲು ಕಂಪನಿಯ ಅಧ್ಯಕ್ಷ ಫ್ರಾಂಕ್ಲಿನ್ ಗೋವೆನ್ 1871ರಲ್ಲಿ ಕಲ್ಲಿದ್ದಲ ಸಾಗಣೆ ದರವನ್ನೇ ವಿಪರೀತ ಏರಿಸಿ, ಕಾರ್ಮಿಕರೊಡನೆ ರಾಜಿಗೆ ಬಂದ ಮಾಲೀಕರ ಕೈ ಕಟ್ಟಿಹಾಕಿದ. ರಾಜಿ ಮಾಡಿಕೊಂಡರೂ ಲಾಭ ಉಳಿಯುತ್ತಿರಲಿಲ್ಲ.

ಸೈನಿ 1873ರಲ್ಲಿ ಗಣಿ ಕಾರ್ಮಿಕರ ರಾಷ್ಟ್ರೀಯ ಸಂಘದ ಅಧ್ಯಕ್ಷರಾದರು. ಅದೇ ವರ್ಷ ಆರ್ಥಿಕ ಕುಸಿತ. 1875ರಲ್ಲಿ ಕ್ಲಿಯರ್‌ಫೀಲ್ಡ್ ಕೌಂಟಿಯ ಮುಷ್ಕರದ ಸಮಯದಲ್ಲಿ, ಮುಷ್ಕರವೆಂದರೆ ಹಿಂಜರಿಯುತ್ತಿದ್ದ ಈ ಮನುಷ್ಯನನ್ನೇ ಸಂಚಿನ ಆರೋಪದ ಮೇಲೆ ಹಿಡಿದರು! ನ್ಯಾಯಾಲಯ ಬಿಡುಗಡೆ ಮಾಡಿತು. ಅವರೊಡನೆ ಸಿಕ್ಕಿಬಿದ್ದ ಸಂಘದ ಜೊತೆಗಾರ ಪಾರ್ಕ್ಸ್ ಮಾತ್ರ ಜೈಲಿಗೆ ಹೋದರು. ಸಂಘ ಹೆಚ್ಚು ದಿನ ಬಾಳಲಿಲ್ಲ. ಸೈನಿ ಸೇಂಟ್ ಕ್ಲೇರ್‌ಗೆ ಮರಳಿ, 1880ರಲ್ಲಿ, ಐವತ್ತು ತುಂಬುವ ಮೊದಲೇ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು.