ಪರದೇಶಿಯ ಐವತ್ತಾರನೆಯ ಹೊಡೆತ



ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಿಖರಗಳನ್ನೇ ಗುರುತಿಸುತ್ತಾರೆ. ಶಿಖರಗಳ ನಡುವಣ ಬಯಲಿನಲ್ಲಿ ದುಡಿದವರ, ಇಂದು ಒಂದು ತಂಡ ನಾಳೆ ಮತ್ತೊಂದು ತಂಡವೆಂದು ಊರೂರು ಅಲೆದವರ ಕಥೆ ಅಂಕಿಗಳ ಪಟ್ಟಿಯಲ್ಲಿ ಹುದುಗಿಹೋಗುತ್ತದೆ. ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಇಂಥ ಆಟಗಾರರ ದೊಡ್ಡ ವರ್ಗವೇ ಉಂಟು. ಆ ವರ್ಗದಿಂದ ಬಂದು, ತಾಯ್ನಾಡಿನಲ್ಲಿ ನೆಲೆ ಕಾಣದೆ, ಕಡಲಾಚೆಯ ಜಪಾನಿನಲ್ಲಿ ಹದಿಮೂರು ಋತುಗಳ ಕಾಲ ಆಡಿದವನು ಕಾರ್ಲ್ ಡೆರಿಕ್ ರೋಡ್ಸ್. ಟಫಿ ರೋಡ್ಸ್ ಎಂಬುದು ಆಟದ ಅಂಗಳ ಬಲ್ಲ ಹೆಸರು. ಈತನ ವೃತ್ತಿಜೀವನವನ್ನು ನಿಮ್ಮ ಮುಂದಿಡುವುದಕ್ಕೆ ಒಂದು ಕಾರಣವಿದೆ. ದುಡಿಯಲು ಬಂದ ಹೊರಗಿನವನಿಗೆ ಒಂದು ನಾಡು ಏನನ್ನು ಕೊಡುತ್ತದೆ, ಏನನ್ನು ಕೊಡಲು ಹಿಂಜರಿಯುತ್ತದೆ ಎಂಬ ಪ್ರಶ್ನೆ ಈ ಜೀವನದಲ್ಲಿ ಬಹು ಸ್ಪಷ್ಟವಾಗಿ ಮೂಡಿದೆ.

ಕ್ರಿಕೆಟ್ ಬಲ್ಲ ನಮಗೆ ಬೇಸ್‌ಬಾಲ್ ದೂರದ ನೆಂಟ. ಅಲ್ಲಿಯೂ ಚೆಂಡು ದಾಂಡುಗಳುಂಟು. ಚೆಂಡು ಮಾತ್ರ ನೆಲಕ್ಕೆ ಪುಟಿಯದೆ ನೇರವಾಗಿ ದಾಂಡಿಗನತ್ತ ಬರುತ್ತದೆ. ಅಂಗಳವು ಬಿಚ್ಚಿದ ಬೀಸಣಿಗೆಯಂತಿದೆ. ಅದರ ಹೊರ ಅಂಚಿನಲ್ಲಿ ಎಡ, ನಡು, ಬಲ ಎಂದು ಮೂವರು ಕಾವಲು ನಿಲ್ಲುತ್ತಾರೆ. ಅವರೇ ಔಟ್‌ಫೀಲ್ಡರುಗಳು, ರೋಡ್ಸ್ ಅವರಲ್ಲೊಬ್ಬ. ದಾಂಡಿಗನು ಚೆಂಡನ್ನು ಅವರ ತಲೆಯ ಮೇಲಿಂದ ಬೇಲಿಯಾಚೆಗೆ ಕಳಿಸಿದರೆ ಅದು ಹೋಮ್ ರನ್. ನಮ್ಮ ಸಿಕ್ಸರಿನಂತೆ ಎನ್ನಬಹುದಾದರೂ ಅದಕ್ಕಿಂತ ಬಹಳ ದುರ್ಲಭ. ಪಂದ್ಯವೊಂದರಲ್ಲಿ ಒಬ್ಬನಿಗೆ ದೊರೆಯುವುದು ನಾಲ್ಕೈದು ಸರದಿ ಮಾತ್ರ. ಇನ್ನೊಂದು ನಿಯಮವನ್ನೂ ನೆನಪಿಡಬೇಕು. ಎಸೆಗಾರನು ಗೊತ್ತಾದ ಮೇರೆಯ ಹೊರಗೆ ನಾಲ್ಕು ಚೆಂಡುಗಳನ್ನು ಎಸೆದರೆ, ಅವನ್ನು ಹೊಡೆಯದೆ ಬಿಟ್ಟ ದಾಂಡಿಗನು ಮೊದಲ ನೆಲೆಗೆ ಸುಮ್ಮನೆ ನಡೆದುಹೋಗಬಹುದು. ಇದಕ್ಕೆ ‘ವಾಕ್’ ಎಂದೇ ಹೆಸರು. ನೋಡಲು ಇದು ದಾಂಡಿಗನಿಗೆ ಸಿಕ್ಕ ಲಾಭ. ಆದರೆ ಅವನ ಕೈಯ ಅಸ್ತ್ರವನ್ನು ನಿಷ್ಫಲಗೊಳಿಸುವ ಉಪಾಯವೂ ಇದೇ.

ರೋಡ್ಸ್ ಹುಟ್ಟಿದ್ದು ೧೯೬೮ರಲ್ಲಿ, ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ೧೯೮೬ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಸಂಸ್ಥೆ ಆತನನ್ನು ಆಯ್ದುಕೊಂಡಿತು. ಅಲ್ಲಿಂದ ಮುಂದೆ ಕೆಳದರ್ಜೆಯ ತಂಡಗಳ ದೀರ್ಘ ಶಿಷ್ಯವೃತ್ತಿ. ೧೯೯೦ರಲ್ಲಿ ಮೇಲ್ದರ್ಜೆಯ ಬಾಗಿಲು ತೆರೆಯಿತು. ಮತ್ತೆ ಮತ್ತೆ ಮುಚ್ಚಿಕೊಂಡಿತು. ಹ್ಯೂಸ್ಟನ್ನಿನಿಂದ ಕ್ಯಾನ್ಸಸ್ ಸಿಟಿಯ ಕೆಳ ತಂಡಕ್ಕೆ, ಅಲ್ಲಿಂದ ಷಿಕಾಗೋ ಕಬ್ಸ್ ತಂಡಕ್ಕೆ, ಕೊನೆಗೆ ಬಾಸ್ಟನ್ನಿಗೆ: ಹೀಗೆ ಸಾಗಿತು ಪಯಣ.

ಈ ಅಲೆದಾಟದ ನಡುವೆ ಒಂದೇ ಒಂದು ದಿನ ಮಿಂಚು ಹೊಳೆಯಿತು. ೧೯೯೪ರ ಏಪ್ರಿಲ್ ೪ರಂದು, ಋತುವಿನ ಪ್ರಥಮ ಪಂದ್ಯದಲ್ಲಿ, ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ, ನ್ಯೂಯಾರ್ಕ್ ಮೆಟ್ಸ್ ತಂಡದ ಪ್ರಖ್ಯಾತ ಎಸೆಗಾರ ಡ್ವೈಟ್ ಗುಡನ್‌ನ ಎದುರು ರೋಡ್ಸ್ ತನ್ನ ಮೊದಲ ಮೂರು ಸರದಿಗಳಲ್ಲಿ ಮೂರು ಹೋಮ್ ರನ್ ಹೊಡೆದ. ನ್ಯಾಷನಲ್ ಲೀಗಿನ ಚರಿತ್ರೆಯಲ್ಲಿ ಆರಂಭದ ದಿನದಂದು ಮೂರು ಹೋಮ್ ರನ್ ಹೊಡೆದ ಮೊದಲಿಗನಾದ. ಪಂದ್ಯವನ್ನು ಮಾತ್ರ ಆತನ ತಂಡ ೧೨-೮ರಿಂದ ಸೋತಿತು. ಆ ವರ್ಷವೆಲ್ಲ ಆಡಿಯೂ ಆತನ ಮೊತ್ತ ಎಂಟನ್ನು ಮೀರಲಿಲ್ಲ. ಆಗಸ್ಟಿನಲ್ಲಿ ಆಟಗಾರರ ಮುಷ್ಕರವಾಗಿ ಋತುವೇ ಮೊಟಕಾಯಿತು. ೧೯೯೫ರ ಕೊನೆಗೆ ಲೆಕ್ಕ ಹಾಕಿದರೆ, ಅಮೆರಿಕದ ಮೇಲ್ದರ್ಜೆಯಲ್ಲಿ ಆತ ಆಡಿದ್ದು ೨೨೫ ಪಂದ್ಯ, ಹೊಡೆದದ್ದು ೧೩ ಹೋಮ್ ರನ್. ಇಪ್ಪತ್ತೇಳರ ಹರೆಯದಲ್ಲಿ ತಾಯ್ನಾಡಿನ ಅಧ್ಯಾಯ ಮುಗಿದಂತೆಯೇ ಆಯಿತು.

೧೯೯೬ರಲ್ಲಿ ರೋಡ್ಸ್ ಒಸಾಕಾ ಪ್ರಾಂತದ ಕಿಂತೆತ್ಸು ಬಫಲೋಸ್ ತಂಡವನ್ನು ಸೇರಿದ. ಜಪಾನಿನ ತಂಡಗಳು ಹೆಚ್ಚಾಗಿ ಉದ್ಯಮಸಂಸ್ಥೆಗಳ ಹೆಸರನ್ನು ಹೊತ್ತವು. ಕಿಂತೆತ್ಸು ಒಂದು ರೈಲ್ವೆ ಕಂಪನಿ. ಅಲ್ಲಿ ಪರದೇಶದ ಆಟಗಾರನಿಗೆ ‘ಸುಕೆತ್ತೊ’ ಎಂಬ ಹೆಸರುಂಟು. ನೆರವಿಗೆ ಬಂದವನು ಎಂದು ಅದರ ಅರ್ಥ. ಮಾತಿನಲ್ಲಿ ಆದರವಿದೆ, ಅದರೊಳಗೇ ಒಂದು ಗೆರೆಯೂ ಇದೆ. ನೆರವಿಗೆ ಬಂದವನು ಮನೆಯವನಲ್ಲ. ಕೆಲಸ ಮುಗಿದ ಮೇಲೆ ಹೋಗತಕ್ಕವನು. ನಮ್ಮ ಕನ್ನಡದ ‘ಪರದೇಶಿ’ ಎಂಬ ಮಾತಿಗೂ ಇಂಥ ಇಬ್ಬಂದಿ ಇದೆಯಲ್ಲವೆ? ಹೊರನಾಡಿನವನು ಎಂಬುದು ಅದರ ಮೂಲಾರ್ಥ. ಊರ ಬಾಯಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು, ಹೇಳಕೇಳುವವರಿಲ್ಲದವನು.

ತಾಯ್ನಾಡಿನಲ್ಲಿ ವರ್ಷಗಟ್ಟಲೆ ಕಾದರೂ ಸಿಗದಿದ್ದುದು ಇಲ್ಲಿ ಸಿಕ್ಕಿತು. ಅದು ಅದೃಷ್ಟವಲ್ಲ, ದಿನದಿನವೂ ಆಡುವ ಅವಕಾಶ. ಮೊದಲ ಋತುವಿನಲ್ಲೇ ೨೭ ಹೋಮ್ ರನ್, ೧೯೯೯ರಲ್ಲಿ ೪೦. ಎರಡು ವರ್ಷಗಳ ಅನಂತರ, ೨೦೦೧ರಲ್ಲಿ, ಹಿಂದಿನ ವರ್ಷ ಕಡೆಯ ಸ್ಥಾನಕ್ಕಿಳಿದಿದ್ದ ಕಿಂತೆತ್ಸು ಪೆಸಿಫಿಕ್ ಲೀಗಿನ ಪಟ್ಟವನ್ನೇ ಗೆದ್ದುಕೊಂಡಿತು. ರೋಡ್ಸ್‌ನ ದಾಂಡು ಒಂದು ಸಂಖ್ಯೆಯನ್ನು ಸಮೀಪಿಸತೊಡಗಿತು. ಆ ಸಂಖ್ಯೆ ೫೫.

ಜಪಾನಿನಲ್ಲಿ ಈ ಐವತ್ತೈದು ಬರಿಯ ಅಂಕಿಯಲ್ಲ. ೧೯೬೪ರಲ್ಲಿ ಯೋಮಿಯೂರಿ ಜೈಂಟ್ಸ್ ತಂಡದ ಸದಹರು ಓ ಒಂದೇ ಋತುವಿನಲ್ಲಿ ಹೊಡೆದ ಹೋಮ್ ರನ್ನುಗಳ ಮೊತ್ತ ಅದು. ವೃತ್ತಿಜೀವನದಲ್ಲಿ ಒಟ್ಟು ೮೬೮ ಹೋಮ್ ರನ್ ಹೊಡೆದ ಓ ಆ ನಾಡಿನ ಆರಾಧ್ಯ ಪುರುಷ. ಆತನ ಆ ಅಂಕಿಯ ಹತ್ತಿರಕ್ಕೆ ೧೯೮೫ರಲ್ಲಿ ಒಬ್ಬ ಅಮೆರಿಕನ್ ಬಂದಿದ್ದ: ಹಾನ್‌ಶಿನ್ ಟೈಗರ್ಸ್ ತಂಡದ ರಾಂಡಿ ಬಾಸ್. ೫೪ಕ್ಕೆ ತಲುಪಿದ ಬಾಸ್, ಕೊನೆಯ ಪಂದ್ಯದಲ್ಲಿ ಎದುರಿಸಬೇಕಾದದ್ದು ಓ ತಾನೇ ವ್ಯವಸ್ಥಾಪಕನಾಗಿದ್ದ ಜೈಂಟ್ಸ್ ತಂಡವನ್ನು. ಎಸೆಗಾರರು ಹೊಡೆಯಬಹುದಾದ ಚೆಂಡನ್ನು ಎಸೆಯಲಿಲ್ಲ. ಬಾಸ್‌ನನ್ನು ಮತ್ತೆ ಮತ್ತೆ ನಡಿಗೆಯ ಮೇಲೆ ಕಳುಹಿಸಿಕೊಟ್ಟರು. ೫೪ರಲ್ಲೇ ಆತ ನಿಂತ.

ಹದಿನಾರು ವರ್ಷಗಳ ಬಳಿಕ, ೨೦೦೧ರ ಸೆಪ್ಟೆಂಬರ್ ೨೪ರಂದು, ರೋಡ್ಸ್ ಐವತ್ತೈದನೆಯದನ್ನು ಹೊಡೆದು ಓ ಜೊತೆಗೆ ಸಮನಾದ. ಆ ಚೆಂಡನ್ನು ಎಸೆದವನು ಸೈಬು ಲಯನ್ಸ್ ತಂಡದ ತರುಣ ದೈಸುಕೆ ಮತ್ಸುಜಾಕಾ. ಈ ಹೆಸರನ್ನು ಗೌರವದಿಂದ ನೆನೆಯಬೇಕು; ಆತ ಎದುರಾಳಿಯ ಕಣ್ಣು ತಪ್ಪಿಸದೆ ಎಸೆದ. ಉಳಿದದ್ದು ಬೆರಳೆಣಿಕೆಯ ಪಂದ್ಯಗಳು. ತಿಂಗಳ ಕೊನೆಯಲ್ಲಿ ಎದುರಾದದ್ದು ಫುಕುವೋಕಾದ ಡೈಏ ಹಾಕ್ಸ್ ತಂಡ. ಅದರ ವ್ಯವಸ್ಥಾಪಕ ಮತ್ತಾರೂ ಅಲ್ಲ, ಓ. ಹಾಕ್ಸ್ ಎಸೆಗಾರರು ಚೆಂಡನ್ನು ಮೇರೆಯೊಳಕ್ಕೆ ತರಲೇ ಇಲ್ಲ ಎನ್ನಬಹುದು. ತಾಳ್ಮೆಗೆಟ್ಟ ರೋಡ್ಸ್ ಎಟುಕದ ಚೆಂಡುಗಳಿಗೂ ದಾಂಡು ಬೀಸಿದ. ಓ ದಾಖಲೆಯನ್ನು ಪರದೇಶಿಯೊಬ್ಬ ಮುರಿಯುವುದು ತನಗೆ ಬೇಡವಾಗಿತ್ತು ಎಂಬರ್ಥದ ಮಾತನ್ನು ಹಾಕ್ಸ್ ತಂಡದ ತರಬೇತುದಾರನೊಬ್ಬ ಆಡಿದ್ದು ವರದಿಯಾಯಿತು. ಇದು ಕ್ರೀಡಾಧರ್ಮಕ್ಕೆ ತಕ್ಕುದಲ್ಲವೆಂದು ಆಗಿನ ಕಮಿಷನರ್ ಹಿರೋಮೋರಿ ಕವಾಶಿಮಾ ಬಹಿರಂಗವಾಗಿ ಆಕ್ಷೇಪಿಸಿದ. ಐವತ್ತಾರನೆಯದು ಬರಲಿಲ್ಲ. ಮರುವರ್ಷ ವೆನೆಜುವೆಲಾದ ಅಲೆಕ್ಸ್ ಕಬ್ರೇರಾ ೫೫ಕ್ಕೆ ಮುಟ್ಟಿದಾಗಲೂ ಇದೇ ಕಥೆ ಮರುಕಳಿಸಿತು.

ಇಲ್ಲೊಂದು ವಿಧಿಯ ವ್ಯಂಗ್ಯವಿದೆ. ಯಾವ ಹೆಸರಿನ ರಕ್ಷಣೆಗಾಗಿ ಪರದೇಶಿಯನ್ನು ತಡೆದರೋ ಆ ಓ ಹುಟ್ಟಿದ್ದು ಟೋಕಿಯೋದಲ್ಲೇ ಆದರೂ, ತಂದೆ ಚೀನದವನು; ತಾಯಿ ಜಪಾನಿನವಳು. ಓ ಜಪಾನಿನ ಪೌರತ್ವ ಪಡೆದವನಲ್ಲ. ೧೯೫೭ರ ವಸಂತದಲ್ಲಿ ಕೋಶಿಯೆನ್ ಪಂದ್ಯಾವಳಿಯಲ್ಲಿ ತನ್ನ ಶಾಲೆಯನ್ನು ಗೆಲ್ಲಿಸಿದ ಹುಡುಗನನ್ನು, ಅದೇ ವರ್ಷದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪೌರನಲ್ಲವೆಂಬ ಕಾರಣಕ್ಕೆ ಆಡಗೊಡಲಿಲ್ಲ. ಒಮ್ಮೆ ಗೆರೆಯ ಹೊರಗೆ ನಿಂತವನ ಹೆಸರೇ ಮುಂದೆ ಗೆರೆಯಾಯಿತು. ಜನ ಒಪ್ಪಿಕೊಂಡ ಬಳಿಕ ಪರದೇಶಿ ಸ್ವದೇಶಿಯಾಗುತ್ತಾನೆ. ಆ ಬಳಿಕ ಬಂದವನು ಪರದೇಶಿಯಾಗುತ್ತಾನೆ.

ಆದರೆ ಇಡೀ ಜಪಾನನ್ನು ಒಂದೇ ಮನಸ್ಸಿನದೆಂದು ತಿಳಿಯುವುದು ಅನ್ಯಾಯವಾದೀತು. ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರನೆಂದು ಪತ್ರಕರ್ತರು ಮತವಿತ್ತು ಆರಿಸಿದ್ದು ರೋಡ್ಸ್‌ನನ್ನೇ. ಆತ ಮುಂದೆ ೨೦೦೩ರಲ್ಲಿ ೫೧, ಜೈಂಟ್ಸ್ ತಂಡಕ್ಕೆ ಹೋಗಿ ೨೦೦೪ರಲ್ಲಿ ೪೫ ಹೋಮ್ ರನ್ ಹೊಡೆದ. ೨೦೦೬ರಲ್ಲಿ ತನ್ನ ಹುಟ್ಟೂರಾದ ಸಿನ್ಸಿನಾಟಿಯ ತಂಡದ ವಸಂತ ಶಿಬಿರಕ್ಕೆ ಹೋದ. ಋತು ಆರಂಭವಾಗುವ ಮೊದಲೇ ಅವರು ಬೇಡವೆಂದರು. ೨೦೦೭ರಲ್ಲಿ ಮತ್ತೆ ಜಪಾನಿಗೆ ಬಂದು, ಶಿಬಿರದಲ್ಲಿ ಹೊಸಬನಂತೆ ಪರೀಕ್ಷೆಗೆ ನಿಂತು, ಒರಿಕ್ಸ್ ಬಫಲೋಸ್ ತಂಡದಲ್ಲಿ ಸ್ಥಾನ ಗಳಿಸಿದ. ಆತನ ಹಳೆಯ ಕಿಂತೆತ್ಸು ತಂಡ ೨೦೦೪ರ ಕೊನೆಗೆ ಒರಿಕ್ಸ್ ಜೊತೆಗೆ ವಿಲೀನವಾಗಿತ್ತು. ಉಳಿದಿದ್ದುದು ‘ಬಫಲೋಸ್’ ಎಂಬ ಹೆಸರೊಂದೇ. ಆ ಹೆಸರಿನಡಿ, ನಲವತ್ತರ ಹೊಸ್ತಿಲಲ್ಲಿ, ಆತ ಮೊದಲ ವರ್ಷ ೪೨, ಎರಡನೆಯ ವರ್ಷ ೪೦ ಹೋಮ್ ರನ್ ಹೊಡೆದ. ತಂಡವೊಂದು ಆಡಿಸಬಹುದಾದ ಪರದೇಶಿಗಳ ಸಂಖ್ಯೆಗೆ ಜಪಾನಿನಲ್ಲಿ ಮಿತಿಯುಂಟು. ದೀರ್ಘಕಾಲ ಆಡಿದವನನ್ನು ಆ ಮಿತಿಯಿಂದ ಹೊರಗಿಟ್ಟು ದೇಶೀಯನಂತೆ ಗಣಿಸುವ ನಿಯಮವೂ ಉಂಟು. ಕೊನೆಯ ವರ್ಷಗಳಲ್ಲಿ ಪರದೇಶಿ ರೋಡ್ಸ್ ನಿಯಮದ ಕಣ್ಣಿಗೆ ಸ್ವದೇಶಿಯಾಗಿದ್ದ. ೨೦೦೯ರಲ್ಲಿ ಆತನ ಕೊನೆಯ ಋತು ಮುಗಿದಾಗ ಜಪಾನಿನ ಲೆಕ್ಕ ೪೬೪. ಹೊರನಾಡಿನಿಂದ ಬಂದ ಬೇರಾರೂ ಅಲ್ಲಿ ಅಷ್ಟು ಹೊಡೆದಿಲ್ಲ.

ಐವತ್ತಾರನೆಯ ಹೊಡೆತ ಕಡೆಗೂ ಬಂತು. ೨೦೧೩ರ ಸೆಪ್ಟೆಂಬರ್ ೧೫ರಂದು ಟೋಕಿಯೋದ ಜಿಂಗೂ ಮೈದಾನದಲ್ಲಿ ಅದನ್ನು ಹೊಡೆದವನು ಯಾಕುಲ್ಟ್ ಸ್ವಾಲೋಸ್ ತಂಡದ ವ್ಲಾಡಿಮಿರ್ ಬಾಲೆಂಟಿಯನ್, ಕ್ಯುರಸಾವ್ ದ್ವೀಪದವನು. ಈತನೂ ಔಟ್‌ಫೀಲ್ಡರ್, ಅಮೆರಿಕದಲ್ಲಿ ಬೇರೂರಲಾಗದೆ ಬಂದವನು. ಆ ವರ್ಷ ೬೦ಕ್ಕೆ ಮುಟ್ಟಿದ. ನಾಡು ಮುಳುಗಲಿಲ್ಲ, ಓ ಕೀರ್ತಿ ಒಂದೆಳೆಯೂ ಮಾಸಲಿಲ್ಲ. ಹಾಗಾದರೆ ಅಷ್ಟು ವರ್ಷ ಕಾಪಾಡಿದ್ದಾದರೂ ಏನನ್ನು?

ರೋಡ್ಸ್‌ಗೆ ಆದ ಅನ್ಯಾಯ ದಾಖಲೆ ತಪ್ಪಿದ್ದಲ್ಲ. ಮತ್ಸುಜಾಕಾನಂತೆ ಎಲ್ಲರೂ ನೇರವಾಗಿ ಎಸೆದಿದ್ದರೂ ಆತ ಸೋಲಬಹುದಾಗಿತ್ತು. ಹತ್ತು ಸರದಿಗಳಲ್ಲಿ ಮೂರು ಸಲ ಗೆದ್ದವನನ್ನೇ ಶ್ರೇಷ್ಠನೆನ್ನುವ ಆಟ ಅದು. ಆತನಿಂದ ಕಸಿದುಕೊಂಡದ್ದು ಗೆಲುವನ್ನಲ್ಲ, ಸೋಲುವ ಹಕ್ಕನ್ನು. ಹೊರಗಿನಿಂದ ದುಡಿಯಲು ಬಂದವನಿಗೆ ಕೀರ್ತಿಯನ್ನು ಯಾರೂ ದಾನವಾಗಿ ಕೊಡಬೇಕಾಗಿಲ್ಲ. ಹೊಡೆಯಬಹುದಾದ ಒಂದು ಚೆಂಡನ್ನು ಎಸೆಯಬೇಕು. ಉಳಿದದ್ದು ಅವನ ತೋಳಿಗೆ ಸೇರಿದ್ದು.