ಎರಿ ನೆಲದ ಮ್ಯಾಲ ಗಾಡಿ ಎತ್ತೂದು

ಇವತ್ತ ಮನಿ ಮುಂದಿನ ತಗಡಿನ ಶೆಡ್ಡಿನಾಗ, ಹಿತ್ತಲದಾಗ, ಕಣದಾಗ ಗಾಡಿ ಬಿಚ್ಚಿ ಕುಂತವ್ರ ಸಲುವಾಗಿ ಮಾತಾಡೂಣು. ರೋಣ, ನರಗುಂದ, ಗಜೇಂದ್ರಗಡದ ಕಡೆ ಹೆಸರು, ಉಳ್ಳಾಗಡ್ಡಿ, ಕಡ್ಲಿ, ಮೆಣಸಿನಕಾಯಿ ಅಂತ ಒಂದಿಲ್ಲೊಂದು ಮಾಲು ಹೇರೂದು ಇದ್ದ ಇರ್ತೈತಿ. ಗಾಡಿ ನಿಂತ್ರ ಬಾಡಿಗಿ ನಿಂತಂಗ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ಸೋಮವಾರ, ಗುರುವಾರ ನಡೀತೈತಿ. ರವಿವಾರ ಸಂಜಿಮುಂದ ಹಬ್ ಬಿಚ್ಚಿ, ಬೇರಿಂಗ್ ಒಡದದ್ದು ಕಂಡವಗ ಆ ರಾತ್ರಿ ನಿದ್ದಿ ಹೆಂಗ ಬರ್ಬೇಕು ಹೇಳ್ರಿ.

ಮನ್ಯಾಗ ರಿಪೇರಿ ಕೆಟ್ರ ಎಲ್ಲಾರೂ ತಮ್ಮ ಕೈಗೆ ಬೈಕೊಳ್ತಾರ. ನಾ ಹೇಳೂದು ಬ್ಯಾರೆ. ಅರ್ಧಕ್ಕರ್ಧ ತ್ರಾಸು ನೆಲದಿಂದನ ಬರ್ತೈತಿ.

ನರಗುಂದದ ಕಡೆ ಆಳದ ಎರಿ ಮಣ್ಣು. ನೀರು ಕುಡದ್ರ ಉಬ್ಬತೈತಿ, ಆರಿದ್ರ ಕುಗ್ಗತೈತಿ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರೀತೈತಿ. ಮಳಿ ಬಂದು ಎರಡು ದಿನ ಬಿಸಲು ಬಿದ್ರ ಮ್ಯಾಲಿನ ಹೆಪ್ಪು ಗಟ್ಟಿ ಕಾಣ್ತೈತಿ, ಒಳಗ ಇನ್ನೂ ಹಸಿ. ಅಲ್ಲೇ ಜಾಕ್ ಇಡ್ತೀವಿ. ಒಂದು ಲೆಕ್ಕ ನೋಡ್ರಿ. ಬಾಟಲ್ ಜಾಕಿನ ಬುಡ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಅಂದ್ರ ನೂರು ಚದರ ಸೆಂಟಿಮೀಟರ್ ಅನ್ರಿ. ಅದರ ಮ್ಯಾಲ ಒಂದೂವರೆ ಟನ್ ಬಂದ್ರ ಪ್ರತಿ ಚದರ ಸೆಂಟಿಮೀಟರಿಗೆ 15 ಕಿಲೋ ಭಾರ. ಹಸಿ ಎರಿಮಣ್ಣು ಇದನ್ನ ತಡಿಯೂದಿಲ್ಲ, ಜಾಕ್ ಒಂದ ಮಗ್ಗಲಿಗೆ ವಾಲ್ತೈತಿ. ಅದ ಜಾಕಿನ ಕೆಳಗ ಎರಡು ಅಡಿ ಉದ್ದ, ಒಂದು ಅಡಿ ಅಗಲದ ದಪ್ಪ ಹಲಿಗಿ ಹಾಕ್ರಿ. ಭಾರ ಸುಮಾರು 1,800 ಚದರ ಸೆಂಟಿಮೀಟರಿಗೆ ಹರಡ್ತೈತಿ, 15 ಕಿಲೋ ಇದ್ದದ್ದು ಒಂದು ಕಿಲೋಕ್ಕಿಂತ ಕಮ್ಮಿ ಆಗ್ತೈತಿ. ಹಲಿಗಿ ಮಾತ್ರ ಬಾಗಬಾರದು. ಹಳೇ ರೈಲ್ವೆ ಸ್ಲೀಪರಿನ ತುಂಡು ಸಿಕ್ರ ಅದಕ್ಕಿಂತ ಚಲೋದು ಇಲ್ಲ. ಉಳದ ಚಕ್ರಕ್ಕ ಹಿಂದ ಮುಂದ ಎರಡೂ ಕಡೆ ಕಲ್ಲು ಕೊಡ್ರಿ.

ಗಾಡಿ ಎತ್ತಿದ ಮ್ಯಾಲ ಬರೇ ಜಾಕ್ ನಂಬಿ ಕೆಳಗ ಹೋಗಬ್ಯಾಡ್ರಿ. ಒಳಗಿನ ಸೀಲ್ ಸೋತ್ರ ಜಾಕ್ ಹೇಳಿ ಕೇಳಿ ಇಳಿಯೂದಿಲ್ಲ. ಇಟ್ಟಂಗಿ, ಸಿಮೆಂಟ್ ಬ್ಲಾಕ್ ಪೇರಿಸೂದನ್ನ ನಮ್ಮ ಕಡೆ ಭಾಳ ನೋಡೇನಿ, ನೋಡಿದಾಗೆಲ್ಲಾ ಎದಿ ಝಲ್ ಅಂದೈತಿ. ಅವು ಮೊದಲು ಬಿರಕು ತೋರ್ಸಿ ಆಮ್ಯಾಲ ಒಡಿಯೂದಿಲ್ಲ, ಒಮ್ಮಿಗೇ ಪುಡಿ ಆಗ್ತಾವ. ಕಬ್ಬಣದ ಸ್ಟ್ಯಾಂಡ್ ಇಡ್ರಿ, ಇಲ್ಲಾ ದಪ್ಪ ಕಟಗಿ ತುಂಡು ಅಡ್ಡಡ್ಡ ಉದ್ದುದ್ದ ಪೇರಿಸಿ ಚಾಸಿಗೆ ಆಸರ ಕೊಡ್ರಿ.

ಕಾಂಕ್ರೀಟ್ ಹಾಕಸ್ತೀವಿ ಅನ್ನವ್ರು ನೇರ ಎರಿ ಮ್ಯಾಲ ಸುರಿಯಾಕ ಹೋಗಬ್ಯಾಡ್ರಿ, ಮಣ್ಣು ಉಬ್ಬಿ ಕುಗ್ಗಿ ಸೀಳಿ ಬಿಡ್ತೈತಿ. ಎರಿ ತಗದು, ಗರಸು ತುಂಬಿ, ಪದರ ಪದರಾಗಿ ನೀರು ಹೊಡದು ದಮ್ಮಸ್ಸು ಮಾಡಿ, ಆಮ್ಯಾಲ ಕಾಂಕ್ರೀಟ್. ಗಾಡಿ ಅಗಲದ್ದು ಬ್ಯಾಡ, ಚಕ್ರ ನಿಲ್ಲೂವಲ್ಲಿ ಎರಡು ಪಟ್ಟಿ ಆದ್ರೂ ಸಾಕು. ಗಜೇಂದ್ರಗಡದ ಗುಡ್ಡದ ಬಗಲಾಗ ಕಲ್ಲು ನೆಲ ಇರೂದ್ರಿಂದ ಜಾಕ್ ಹುಗಿಯೂದಿಲ್ಲ, ಆದ್ರ ಜಾರ್ತೈತಿ. ಹಲಿಗಿ ಅಲ್ಲೂ ಬೇಕ.

ಆ ಗುಡ್ಡದ ಮ್ಯಾಲ ಗಾಳಿಯಂತ್ರ ಸುಮ್ನ ನಿಲ್ಲಿಸಿಲ್ರಿ. ಆಷಾಢದ ಪಡುವಣ ಗಾಳಿಗೆ ಹಬ್ ಬಿಚ್ಚಿ ಇಟ್ರ ಗ್ರೀಸಿನಾಗ ಮಣ್ಣು ಕೂತು ಹೊಸಾ ಬೇರಿಂಗನ್ನೂ ಉಜ್ಜಿ ತಿಂದು ಬಿಡ್ತೈತಿ. ಪಡುವಣ ಕಡೆ ತಾಡಪತ್ರಿ ಕಟ್ಟಿ, ನಸುಕಿನ್ಯಾಗ ಗಾಳಿ ಕಮ್ಮಿ ಇದ್ದಾಗ ಬೇರಿಂಗ್ ಕೆಲಸ ಮುಗಸ್ರಿ. ಬಿಚ್ಚಿದ ಡೀಸೆಲ್ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕಟ್ರಿ.

ಇನ್ನ ಬೋಲ್ಟು. ಯೂರಿಯಾ, ಡಿಎಪಿ, ತಿಪ್ಪಿಗೊಬ್ಬರ ಹೇರಿದ ಗಾಡಿಯ ಕೆಳಗಿನ ಬೋಲ್ಟೆಲ್ಲಾ ತುಕ್ಕು ತಿಂದು ಹಿಡಕೊಂಡಿರ್ತಾವ, ಅದ್ರಾಗೂ ಕಮಾನ್ ಪಾಟಾದ ಯು-ಕ್ಲ್ಯಾಂಪ್, ಶ್ಯಾಕಲ್ ಪಿನ್. ಕೆಲಸದ ಹಿಂದಿನ ಸಂಜಿಗೆ ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಸೂ ಎಣ್ಣಿ ಹಾಕಿ ಇಡ್ರಿ. ಮರದಿನ ಮೊದಲು ಕೂದಲಷ್ಟು ಬಿಗಿ ಮಾಡ್ರಿ, ತುಕ್ಕಿನ ಹಿಡತ ಬಿಡ್ತೈತಿ. ಆಮ್ಯಾಲ ಸಡ್ಲ ಮಾಡ್ರಿ. ಸವದ ಪಾನಾ ಹಾಕಿ ಪೈಪ್ ತೂರ್ಸಿ ಎಳದ್ರ ಬೋಲ್ಟಿನ ಮೂಲಿ ದುಂಡಗಾಗ್ತಾವ, ಒಂದು ತಾಸಿನ ಕೆಲಸ ಒಂದು ದಿನ ನುಂಗ್ತೈತಿ. ಆರು ಮೂಲಿ ಸಾಕೆಟ್ಟಿಗೆ ರೊಕ್ಕ ಹಾಕ್ರಿ. ಕೆಲವು ಹಳೇ ಟ್ರಕ್ಕಿನಾಗ ಎಡಗಡೆ ಚಕ್ರದ ನಟ್ಟು ಉಲ್ಟಾ ತಿರುಗ್ತಾವ, ಜೋರು ಹಾಕೂಕಿಂತ ಮೊದ್ಲು ನೋಡ್ಕೊಳ್ರಿ. ಗ್ಯಾಸ್ ಹಚ್ಚಿ ಕಾಯಿಸೂದಾದ್ರ ಬ್ರೇಕ್ ಪೈಪು, ಡೀಸೆಲ್ ಟಾಕಿ ಸನೇಕ ಬ್ಯಾಡ.

ಸಾಮಾನಿನ ತ್ರಾಸು ಎಲ್ಲಾರಿಗೂ ಗೊತ್ತಿದ್ದದ್ದ. ನರಗುಂದದಿಂದ ಹುಬ್ಬಳ್ಳಿ ಐವತ್ತು ಕಿಲೋಮೀಟರಿನ ಮ್ಯಾಲ. ಹೋಗಿ ತಂದದ್ದು ಕೂಡ್ರಲಿಲ್ಲಂದ್ರ ದಿನಾ ಹೋತು. 407 ಗಾಡಿ ಬಂದದ್ದು 1986ರಾಗ, ಅಲ್ಲಿಂದ ಎಂಜಿನ್ ಎಷ್ಟೋ ಸಲ ಬದಲಾಗ್ಯಾವ. ಬರೇ “407ರ ಕ್ಲಚ್ ಪ್ಲೇಟ್ ಕೊಡ್ರಿ” ಅಂದ್ರ ಅಂಗಡಿಯವ್ರಿಗೆ ತಿಳಿಯೂದಿಲ್ಲ. ಚಾಸಿ ನಂಬರು, ಆರ್‌ಸಿಯಾಗಿನ ತಯಾರಾದ ತಿಂಗಳು, ವರ್ಷ, ಹಳೇ ಪ್ಲೇಟಿನ ಅಗಲ, ನಡುವಿನ ಹಲ್ಲಿನ ಲೆಕ್ಕ ಹೇಳಿ, ಫೋಟೋ ಕಳಿಸ್ರಿ. ಬಸ್ಸಿನ ಪಾರ್ಸೆಲ್ಲಿನಾಗ ಸಾಮಾನು ಬರ್ತೈತಿ.

ಕಡೀಕ, 1 ಏಪ್ರಿಲ್ 2020ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿ ಇದ್ದವ್ರು ಕಿವಿಗೊಟ್ಟು ಕೇಳ್ರಿ. ಹಳೇ ಪಂಪಿನ ಗಾಡ್ಯಾಗ ಗಾಳಿ ಹಿಡದ್ರ ಇಂಜೆಕ್ಟರ್ ಪೈಪಿನ ನಟ್ಟು ಸಡ್ಲ ಮಾಡಿ ಸೆಲ್ಫ್ ಹೊಡಿಯೂದು ರೂಢಿ. ಬಿಎಸ್-6ರ ಕಾಮನ್ ರೇಲ್ ಎಂಜಿನ್ನಿನಾಗ ಹಂಗ ಮಾಡಬ್ಯಾಡ್ರಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟ್ತೈತಿ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗ ಹೋಗ್ತೈತಿ. ಸೋರಿಕಿ ಹುಡಕಾಕ ಕೈ ಹಿಡಿಯಾಕ ಹೋಗಬ್ಯಾಡ್ರಿ, ರಟ್ಟಿನ ತುಂಡು ಹಿಡೀರಿ. ಹಂಗೇನರ ಕೈಗೆ ಹೊಕ್ಕಿದ್ರ, ಹೊರಗ ಸೂಜಿ ಚುಚ್ಚಿದಷ್ಟ ಕಾಣ್ಲಿ, ನೋವು ಇಲ್ಲದಿರ್ಲಿ, ಆ ಗಳಿಗ್ಯಾಗ ದವಾಖಾನಿಗೆ ಹೋಗಿ “ಒತ್ತಡದ ಡೀಸೆಲ್ ಒಳಗ ಹೊಕ್ಕೈತಿ” ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳ್ರಿ.